ಸ್ಕ್ಯಾನ್‌ನಲ್ಲಿ ಲಿವರ್ ಇತ್ತು, ರಿಪೋರ್ಟಿನಲ್ಲಿ ಇರಲಿಲ್ಲ

ಲೋಂಡಾದಿಂದ ಬೆಳಗಾವಿಗೆ ರೈಲಿನಲ್ಲಿ ಹೊರಟರೆ ಖಾನಾಪುರಕ್ಕಿಂತ ಮೊದಲು ಗುಂಜಿ ಅನ್ನೋ ಸಣ್ಣ ಸ್ಟೇಷನ್ ಸಿಗುತ್ತದೆ. ಸುತ್ತ ಕಾಡು, ಮಳೆಗಾಲದಲ್ಲಿ ಬಿಡದ ಮಳೆ, ಮರಾಠಿ-ಕನ್ನಡ ಕಲಸಿದ ಮಾತು. ನಮ್ಮ ಕಾಕಾ ಆ ಊರಿನವರು. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಇತ್ತೀಚೆಗೆ ಕಾಕು ಅವರ ಹಳೇ ಫೈಲನ್ನು ನನ್ನ ಕೈಗಿಟ್ಟರು. ಅದರಲ್ಲಿ ಎರಡು ಕಾಗದ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು 2019ರದ್ದು, ಹೊಟ್ಟೆಯ ಸ್ಕ್ಯಾನಿಂಗ್: ‘ಫ್ಯಾಟಿ ಲಿವರ್, ಗ್ರೇಡ್ 2’. ಇನ್ನೊಂದು ಆಸ್ಪತ್ರೆಗೆ ಸೇರಿದಾಗಿನ ಎದೆಯ ಸಿಟಿ ಸ್ಕ್ಯಾನ್. ಅದರಲ್ಲಿ ಶ್ವಾಸಕೋಶದ ಸ್ಕೋರ್ ಇದೆ, ಲಿವರ್ ಬಗ್ಗೆ ಒಂದಕ್ಷರ ಇಲ್ಲ.

2019ರಲ್ಲಿ ಆ ರಿಪೋರ್ಟ್ ನೋಡಿ ಕಾಕಾ ನನಗೆ ಕೇಳಿದ್ದು ನೆನಪಿದೆ: “ತಮ್ಮಾ, ನಾ ಏನ್ ಕುಡಿತೀನೇನು? ನನ್ ಲಿವರ್ ಯಾಕ ಕೆಡತೈತಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಜಿನಿಯರಿಂಗ್ ಓದಿದ ನನಗೂ ಲಿವರ್ ಅಂದರೆ ಕುಡುಕರ ರೋಗ ಅಂತಲೇ ತಲೆಯಲ್ಲಿ ಕೂತಿತ್ತು. ಕಾಕಾ ರಿಪೋರ್ಟನ್ನು ಮಡಚಿ ಒಳಗಿಟ್ಟರು. ‘ಜನ ಏನಂದಾರು’ ಅನ್ನೋ ಭಯವೂ ಅದರಲ್ಲಿತ್ತು.

ಕುಡಿಯದವರಿಗೂ ಬರುವ ಈ ಕಾಯಿಲೆಯ ಬೇರು ಇರೋದು ಹೊಟ್ಟೆಯ ಬೊಜ್ಜು, ಶುಗರ್, ರಕ್ತದ ಕೊಬ್ಬಿನಲ್ಲಿ. ನಮ್ಮ ದೇಶದಲ್ಲಿ ತೆಳ್ಳಗೆ ಕಾಣುವವರನ್ನೂ ಅದು ಬಿಡುವುದಿಲ್ಲ. ದೆಹಲಿ ಏಮ್ಸ್ ತಜ್ಞರು ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 38 ಮಂದಿಗೆ ಇದು ಇದೆ. ಹೆಸರಿನಲ್ಲಿದ್ದ ‘ಆಲ್ಕೋಹಾಲ್’, ‘ಫ್ಯಾಟಿ’ ಪದಗಳು ರೋಗಿಗೆ ಕಳಂಕ ಹಚ್ಚುತ್ತವೆ ಅಂತ 2023ರಲ್ಲಿ ಜಗತ್ತಿನ ಲಿವರ್ ತಜ್ಞರು ಹೆಸರನ್ನೇ ಬದಲಿಸಿದರು.

ಹಾಗಾದರೆ ಕೋವಿಡ್‌ಗೂ ಇದಕ್ಕೂ ಏನು ಸಂಬಂಧ? 2020ರಲ್ಲೇ ಚೀನಾದ ವೈದ್ಯರು 202 ಕೋವಿಡ್ ರೋಗಿಗಳನ್ನು ಗಮನಿಸಿ, ಫ್ಯಾಟಿ ಲಿವರ್ ಇದ್ದವರಲ್ಲಿ ಕಾಯಿಲೆ ಉಲ್ಬಣಿಸುವ ಸಾಧ್ಯತೆ ಹೆಚ್ಚು ಎಂದರು. ಆಮೇಲೆ ಬಂದ ಅನೇಕ ಅಧ್ಯಯನಗಳೂ ತೀವ್ರ ಕಾಯಿಲೆ, ಐಸಿಯು ದಾಖಲಾತಿ ಹೆಚ್ಚು ಅಂತಲೇ ಹೇಳಿದವು. ಸಾವಿನ ವಿಷಯದಲ್ಲಿ ಮಾತ್ರ ಉತ್ತರ ಒಂದೇ ಥರ ಇಲ್ಲ. ಬೊಜ್ಜು, ಶುಗರ್‌ಗಳ ಪಾಲನ್ನು ಕಳೆದು ನೋಡಿದಾಗ ಹಲವು ಕಡೆ ಸಂಬಂಧ ಸಡಿಲವಾಯಿತು. ಅಂದರೆ ಲಿವರ್‌ನ ಕೊಬ್ಬೇ ಕೊಂದಿತು ಅನ್ನೋಕಾಗಲ್ಲ. ಅದು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ಕೆಂಪು ದೀಪದ ಥರ. ದೀಪದಿಂದ ಇಂಜಿನ್ ಕೆಡಲ್ಲ, ಇಂಜಿನ್ ಕೆಡ್ತಿದೆ ಅಂತ ಅದು ಹೇಳುತ್ತದೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಹಂತ ತಲುಪಿದವರ ಕಥೆ ಬೇರೆ. ಅವರಲ್ಲಿ ಕೋವಿಡ್ ಸಾವು ನಿಜಕ್ಕೂ ಹೆಚ್ಚಿತ್ತು.

ಆ ಹಂತದ ಸುಳಿವು ಕೊಡುವ ಒಂದು ಸರಳ ಸೂತ್ರವಿದೆ, ಹೆಸರು ಫಿಬ್-4. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಕಾಕಾನ 2019ರ ರಕ್ತ ಪರೀಕ್ಷೆ: ವಯಸ್ಸು 56, ಎಎಸ್‌ಟಿ 48, ಎಎಲ್‌ಟಿ 64, ಪ್ಲೇಟ್‌ಲೆಟ್ 160 ಸಾವಿರ. ಉತ್ತರ 2.1. 1.3ಕ್ಕಿಂತ ಕಡಿಮೆ ಇದ್ದರೆ ನಿರಾಳ, 2.67 ದಾಟಿದರೆ ಅಪಾಯ, ನಡುವೆ ಇದ್ದರೆ ಮುಂದಿನ ಪರೀಕ್ಷೆ ಬೇಕು. ಮೊಬೈಲಿನಲ್ಲಿ ಅರ್ಧ ನಿಮಿಷದ ಲೆಕ್ಕ. ಎರಡು ವರ್ಷ ಸಮಯವಿತ್ತು, ಯಾರೂ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಇದನ್ನು ಕಾಯಿಲೆಗೆ ಮೊದಲೇ ಮಾಡಬೇಕು. ಕೋವಿಡ್ ಬಂದ ಮೇಲೆ ಎಎಸ್‌ಟಿ ಏರುತ್ತದೆ, ಪ್ಲೇಟ್‌ಲೆಟ್ ಇಳಿಯಬಹುದು. ಆಗ ಸೂತ್ರದ ಉತ್ತರ ಹಳೇ ಲಿವರ್‌ನದ್ದೋ ಹೊಸ ವೈರಸ್‌ನದ್ದೋ ಗೊತ್ತಾಗುವುದಿಲ್ಲ.

ಇನ್ನು ಆ ಸಿಟಿ ಸ್ಕ್ಯಾನ್. ಎರಡನೇ ಅಲೆಯಲ್ಲಿ ಸ್ಕ್ಯಾನ್ ಸೆಂಟರ್‌ಗಳ ಮುಂದೆ ಸಾಲು ಇತ್ತು. ಬಿಪಿಎಲ್ ಕಾರ್ಡಿನವರಿಗೆ 1,500 ರೂಪಾಯಿ ಅಂತ ಸರ್ಕಾರ ದರ ಕಟ್ಟಬೇಕಾಯಿತು. ಎದೆಯ ಸ್ಕ್ಯಾನ್‌ನ ಕೆಳಗಿನ ಚಿತ್ರಗಳಲ್ಲಿ ಲಿವರ್‌ನ ಮೇಲ್ಭಾಗವೂ ಸೆರೆಯಾಗಿರುತ್ತದೆ. ಕೊಬ್ಬು ತುಂಬಿದ ಲಿವರ್ ಪಕ್ಕದ ಗುಲ್ಮಕ್ಕಿಂತ ಕಪ್ಪಾಗಿ ಕಾಣುತ್ತದೆ. ಬೇರೆ ದೇಶಗಳಲ್ಲಿ ಕೋವಿಡ್-ಲಿವರ್ ಅಧ್ಯಯನಗಳನ್ನು ಹೀಗೇ ಮಾಡಿದ್ದಾರೆ. ನಮ್ಮ ಜನ ಸಾಲ ಮಾಡಿ ತೆಗೆಸಿದ ಚಿತ್ರಗಳಲ್ಲೂ ಆ ಮಾಹಿತಿ ಇತ್ತು. ಆ ಗಡಿಬಿಡಿಯಲ್ಲಿ ವೈದ್ಯರು ಶ್ವಾಸಕೋಶವನ್ನಷ್ಟೇ ನೋಡಿದರು, ಅದು ತಪ್ಪಲ್ಲ. ಗಡಿಬಿಡಿ ಮುಗಿದ ಮೇಲೂ ತಿರುಗಿ ನೋಡದಿದ್ದದ್ದು ತಪ್ಪು.

ರಾಜ್ಯದ ದೈನಂದಿನ ಬುಲೆಟಿನ್ ನೆನಪಿದೆಯಾ? ಸತ್ತವರ ವಯಸ್ಸಿನ ಪಕ್ಕ ‘ಡಿಎಂ, ಎಚ್‌ಟಿಎನ್’ ಅಂತ ಇರುತ್ತಿತ್ತು. ಶುಗರ್, ಬಿಪಿ ಲೆಕ್ಕಕ್ಕೆ ಬಂದವು. ಫ್ಯಾಟಿ ಲಿವರ್ ಅಂತ ಬರೆದದ್ದನ್ನು ನಾನು ನೋಡಿದ ನೆನಪಿಲ್ಲ.

ನೀತಿಯೇ ಇರಲಿಲ್ಲ ಅಂದುಕೊಳ್ಳಬೇಡಿ. 2021ರ ಫೆಬ್ರುವರಿಯಲ್ಲಿ, ಎರಡನೇ ಅಲೆಗೆ ಸ್ವಲ್ಪ ಮೊದಲು, ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿತು. 2024ರ ಸೆಪ್ಟೆಂಬರಿನಲ್ಲಿ ಪರಿಷ್ಕೃತ ಮಾರ್ಗಸೂಚಿಯೂ ಬಂತು. ದೆಹಲಿಯ ಕಾಗದ ಗುಂಜಿಯ ಮನೆಬಾಗಿಲಿಗೆ ಬರೋದು ಹೇಗೆ ಅನ್ನೋದೇ ರಾಜಕೀಯ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಗಡಿ, ಭಾಷೆ, ಕಬ್ಬಿನ ದರದ ಮೇಲೆ ಚುನಾವಣೆ ನಡೆಯುತ್ತದೆ. ಖಾನಾಪುರದ ಕಾಡಂಚಿನ ಮನುಷ್ಯ ಒಂದು ಸ್ಕ್ಯಾನಿಂಗ್‌ಗೆ ಒಂದು ದಿನದ ಕೂಲಿ ಬಿಟ್ಟು ಬೆಳಗಾವಿಗೆ ಹೋಗೋದು ಯಾರ ಭಾಷಣದಲ್ಲೂ ಬರುವುದಿಲ್ಲ.

ಕೇಳಬೇಕಾದ್ದು ದುಬಾರಿಯದ್ದೇನಲ್ಲ. ಸರ್ಕಾರಿ ಲ್ಯಾಬಿನ ರಿಪೋರ್ಟಿನಲ್ಲಿ ಫಿಬ್-4 ತಾನಾಗೇ ಮುದ್ರಣವಾಗಲಿ. ಯಾವ ಕಾರಣಕ್ಕೆ ಸಿಟಿ ಮಾಡಿದರೂ ಲಿವರ್ ಬಗ್ಗೆ ಒಂದು ಸಾಲು ಬರೆಯಲಿ. ಬಿಪಿ, ಶುಗರ್ ತಪಾಸಣೆಯ ಜತೆಗೆ ಸೊಂಟದ ಸುತ್ತಳತೆಯನ್ನೂ ಅಳೆದು, ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದವರನ್ನು ಮುಂದಿನ ಪರೀಕ್ಷೆಗೆ ಕಳಿಸಲಿ. ತೂಕದಲ್ಲಿ ಶೇ. 7ರಿಂದ 10ರಷ್ಟು ಇಳಿಸಿದರೆ ಲಿವರ್ ಸುಧಾರಿಸುತ್ತದೆ ಅನ್ನೋದನ್ನು ಯಾರಾದರೂ ಅವರಿಗೆ ಹೇಳಲಿ.

ಇದೆಲ್ಲ ಆಗಿದ್ದರೆ ಕಾಕಾ ಬದುಕುತ್ತಿದ್ದರಾ? ಗೊತ್ತಿಲ್ಲ. ಆದರೆ ಕಳೆದ ವಾರ ಅವರ ಮಗನಿಗೆ ಫೋನ್ ಮಾಡಿ ರಕ್ತ ಪರೀಕ್ಷೆ ಮಾಡಿಸು ಅಂದೆ. ಅವನು ನಕ್ಕು ಹೇಳಿದ: “ಅಣ್ಣಾ, ನಾ ಕುಡಿಯಂಗಿಲ್ಲಲ್ಲೋ!”

ಈ ಸಲ ನನ್ನ ಹತ್ತಿರ ಉತ್ತರ ಇತ್ತು.