‘ಮುಂದಿನ ಸುತ್ತಿಗೆ ಹೋಗುವ ಸಾಧ್ಯತೆ ಶೇ 1’: ಈ ಲೆಕ್ಕ ಎಲ್ಲಿಂದ ಬರುತ್ತದೆ? ಸೋಲುತ್ತಿರುವ ತಂಡ ಮೇಲೇಳುವುದು ಪವಾಡವೇ?

ಐಪಿಎಲ್ ಇರಲಿ, ಫುಟ್‌ಬಾಲ್ ವಿಶ್ವಕಪ್ ಇರಲಿ, ತಂಡವೊಂದು ಸೋಲತೊಡಗಿದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ‘ಇವರ ಕಥೆ ಮುಗೀತು, ಚಾನ್ಸ್ ಇರೋದು ಶೇ 1 ಮಾತ್ರ’. ಇನ್ನೊಂದು, ‘ಇಷ್ಟು ಸೋತಿದ್ದಾರೆ, ಇನ್ನು ಗೆದ್ದೇ ಗೆಲ್ತಾರೆ’. ಇವುಗಳ ಬೆನ್ನಿಗೇ ‘ಪಕ್ಕಾ ರಿಪೋರ್ಟ್ ಕೊಡ್ತೀವಿ, ದುಡ್ಡು ಹಾಕಿ’ ಎನ್ನುವ ಲಿಂಕ್ ಕೂಡ ಬರುತ್ತದೆ. ನೊಣವಿನಕೆರೆಯಲ್ಲೋ ತುರುವೇಕೆರೆಯಲ್ಲೋ ಕೊಬ್ಬರಿ ಮಾರಿ ಬಂದ ದುಡ್ಡು ಆ ಲಿಂಕಿನ ಮೂಲಕ ಹೋದರೆ ವಾಪಸ್ ಬರುವುದು ಕಷ್ಟ. ಹಾಗಾಗಿ ಈ ಲೆಕ್ಕವನ್ನು ನಾವು ಬಿಡಿಸಿ ನೋಡೋಣ.

2024ರಲ್ಲಿ ಆರ್‌ಸಿಬಿಗೆ ಏನಾಯಿತು?

2024ರ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ 8 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಏಪ್ರಿಲ್ 21ರಂದು ಕೋಲ್ಕತ್ತ ಎದುರು 1 ರನ್‌ನಿಂದ ಸೋತಾಗ ಅದು ಸತತ ಆರನೇ ಸೋಲು. ತಂಡ ಪಟ್ಟಿಯ ಕೊನೆಯ ಸ್ಥಾನದಲ್ಲಿತ್ತು. ಆಮೇಲೆ ಉಳಿದ ಆರಕ್ಕೆ ಆರೂ ಪಂದ್ಯ ಗೆದ್ದಿತು.

ಆದರೆ ಅಷ್ಟೇ ಸಾಲಲಿಲ್ಲ. ಲೀಗ್ ಹಂತದ ಕೊನೆಗೆ ಆರ್‌ಸಿಬಿ, ಚೆನ್ನೈ, ಡೆಲ್ಲಿ, ಲಖನೌ ನಾಲ್ಕೂ ತಂಡಗಳು 14 ಅಂಕದಲ್ಲಿ ನಿಂತವು. ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ 218 ರನ್ ಹೊಡೆದಿತ್ತು. ಚೆನ್ನೈ ಸೋತರೂ 201 ಮುಟ್ಟಿದ್ದರೆ ಪ್ಲೇಆಫ್‌ಗೆ ಹೋಗುತ್ತಿದ್ದದ್ದು ಅದೇ. ಕೊನೆಯ ಓವರ್‌ನಲ್ಲಿ ಅದಕ್ಕೆ ಬೇಕಿದ್ದದ್ದು 17, ಯಶ್ ದಯಾಳ್ ಕೊಟ್ಟದ್ದು 7. ನೆಟ್ ರನ್‌ರೇಟ್‌ನಲ್ಲಿ ಆರ್‌ಸಿಬಿ (0.459) ಚೆನ್ನೈಯನ್ನು (0.392) ಹಿಂದಿಕ್ಕಿತು.

‘ಶೇ 1’ ಎಂಬ ಅಂಕಿ ಎಲ್ಲಿಂದ ಬಂತು?

ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ, ಗೆಲುವು ಸೋಲು ಸಮಸಮ ಎಂದುಕೊಳ್ಳಿ. ಒಂದು ಪಂದ್ಯ ಗೆಲ್ಲುವ ಸಾಧ್ಯತೆ ಎರಡರಲ್ಲಿ ಒಂದು, ಸತತ ಎರಡು ಗೆಲ್ಲುವುದು ನಾಲ್ಕರಲ್ಲಿ ಒಂದು. ಹೀಗೆ ಸತತ ಆರು ಗೆಲ್ಲುವ ಸಾಧ್ಯತೆ 64ರಲ್ಲಿ ಒಂದು, ಅಂದರೆ ಸುಮಾರು ಶೇ 1.6. ಬೇರೆ ತಂಡಗಳ ಫಲಿತಾಂಶವೂ ಕೈಹಿಡಿಯಬೇಕಾದ್ದರಿಂದ ಅದು ಇನ್ನೂ ಕಡಿಮೆಯಾಗುತ್ತದೆ.

ಆದರೆ ‘ಸಮಸಮ’ ಎಂಬುದು ನಾವು ಇಟ್ಟುಕೊಂಡ ಊಹೆ. ತಂಡಕ್ಕೆ ಹತ್ತು ಪಂದ್ಯದಲ್ಲಿ ಆರು ಗೆಲ್ಲುವ ಬಲವಿದೆ ಎಂದುಕೊಂಡರೆ ಸತತ ಆರು ಗೆಲ್ಲುವ ಸಾಧ್ಯತೆ ಸುಮಾರು ಶೇ 4.7. ಹತ್ತರಲ್ಲಿ ನಾಲ್ಕು ಎಂದುಕೊಂಡರೆ ಬರೀ ಶೇ 0.4. ಊಹೆ ಸ್ವಲ್ಪ ಬದಲಾದರೆ ಉತ್ತರದಲ್ಲಿ ಹತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ! ಯಾವ ಊಹೆಯ ಮೇಲೆ ಲೆಕ್ಕ ಹಾಕಿದ್ದಾರೆ ಎಂದು ಹೇಳದ ‘ಶೇ 1’ಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಟೂರ್ನಿಯ ನಿಯಮವೂ ಮುಖ್ಯ

ಐಪಿಎಲ್‌ನಲ್ಲಿ 10 ತಂಡಗಳ ಪೈಕಿ 4 ಮುಂದೆ ಹೋಗುತ್ತವೆ. ಫುಟ್‌ಬಾಲ್ ವಿಶ್ವಕಪ್‌ನಲ್ಲಿ 2022ರವರೆಗೆ 32ರಲ್ಲಿ 16 ತಂಡಗಳು ಗುಂಪು ಹಂತ ದಾಟುತ್ತಿದ್ದವು. 2026ರ ಮಾದರಿಯಲ್ಲಿ 48 ತಂಡ, 12 ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರ ಜೊತೆಗೆ ಮೂರನೇ ಸ್ಥಾನದ ಅತ್ಯುತ್ತಮ 8 ತಂಡಗಳಿಗೂ ಅವಕಾಶ. ಅಂದರೆ ಮೂರರಲ್ಲಿ ಎರಡು ಪಾಲು ತಂಡಗಳು ಉಳಿಯುತ್ತವೆ.

ಇಂಥ ನಿಯಮ ಎಡವಿದವರನ್ನೂ ಕಾಯುತ್ತದೆ. 2016ರ ಯೂರೊ ಕಪ್‌ನಲ್ಲಿ ಪೋರ್ಚುಗಲ್ ಗುಂಪಿನ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಮೂರನೇ ಸ್ಥಾನದಿಂದ ಮುಂದೆ ಹೋಗಿ ಕಪ್ ಗೆದ್ದಿತು. 2010ರಲ್ಲಿ ಸ್ಪೇನ್ ಸ್ವಿಟ್ಜರ್ಲೆಂಡ್‌ಗೂ, 2022ರಲ್ಲಿ ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೂ ಮೊದಲ ಪಂದ್ಯ ಸೋತಿದ್ದವು. ಎರಡೂ ವಿಶ್ವಕಪ್ ಗೆದ್ದವು.

ಹಾಗಾದರೆ ‘ಇನ್ನು ಗೆದ್ದೇ ಗೆಲ್ತಾರೆ’ ಎಂಬುದು ನಿಜವೇ?

ಇಲ್ಲ. ಸತತ ಆರು ಸಲ ಹೆಡ್ ಬಿದ್ದ ನಾಣ್ಯಕ್ಕೆ ಏಳನೇ ಸಲ ಟೇಲ್ ಬೀಳಬೇಕು ಎಂಬ ನೆನಪೇನೂ ಇರುವುದಿಲ್ಲ. ಸೋಲು ಸಾಲವಲ್ಲ, ಗೆಲುವಾಗಿ ತೀರಲೇಬೇಕು ಎನ್ನಲು. ತಂಡ ಮೇಲೆದ್ದರೆ ಅದಕ್ಕೆ ಬೇರೆ ಕಾರಣಗಳಿರುತ್ತವೆ: ಆಟಗಾರರ ಬದಲಾವಣೆ, ಲಯಕ್ಕೆ ಮರಳುವುದು, ಎದುರಾಳಿಯ ಎಡವಟ್ಟು. ಅಹಮದಾಬಾದಿನಲ್ಲಿ ವಿಲ್ ಜ್ಯಾಕ್ಸ್ 41 ಎಸೆತಗಳಲ್ಲಿ ಶತಕ ಹೊಡೆದದ್ದು ಹಿಂದಿನ ಸೋಲುಗಳ ಪುಣ್ಯದಿಂದಲ್ಲ.

ಇನ್ನೊಂದು ಮಾತು. ತಿಪಟೂರು ಮಾರುಕಟ್ಟೆಗೆ ಬರುವುದು ಅಟ್ಟದಲ್ಲಿ ಚೆನ್ನಾಗಿ ಒಣಗಿದ ಕೊಬ್ಬರಿ. ಕೊಳೆತ ಕಾಯಿ ಅಲ್ಲಿಗೆ ಬರುವುದಿಲ್ಲ. ಮಾರುಕಟ್ಟೆಯನ್ನಷ್ಟೇ ನೋಡಿದವರಿಗೆ ಅಟ್ಟಕ್ಕೆ ಹಾಕಿದ ಕಾಯಿಯೆಲ್ಲ ಕೊಬ್ಬರಿಯಾಗುತ್ತದೆ ಎನ್ನಿಸೀತು. ಫಾರ್ವರ್ಡ್‌ಗಳೂ ಹಾಗೆಯೇ. ಮೇಲೆದ್ದ ಆರ್‌ಸಿಬಿ, ಅರ್ಜೆಂಟೀನಾ ಕಥೆಗಳು ವರ್ಷಗಟ್ಟಲೆ ಓಡಾಡುತ್ತವೆ. ಸೋತು ಹಾಗೇ ಮನೆಗೆ ಹೋದ ತಂಡಗಳ ಕಥೆ ಯಾರೂ ಕಳಿಸುವುದಿಲ್ಲ. ಅದೇ 2024ರಲ್ಲಿ ಆರ್‌ಸಿಬಿ ಎಲಿಮಿನೇಟರ್‌ನಲ್ಲಿ ರಾಜಸ್ಥಾನಕ್ಕೆ ಸೋತದ್ದೂ ಅಷ್ಟಾಗಿ ನೆನಪಾಗುವುದಿಲ್ಲ. ಕಪ್ ಬಂದದ್ದು 2025ರಲ್ಲಿ.

ಆರಕ್ಕೆ ಆರು ಸರಿ ಹೇಳಿದವನ ಗುಟ್ಟೇನು?

ಈಗ ‘ಪಕ್ಕಾ ರಿಪೋರ್ಟ್’ ವಿಷಯಕ್ಕೆ ಬರೋಣ. ಒಬ್ಬ 6,400 ಜನರಿಗೆ ಸಂದೇಶ ಕಳಿಸುತ್ತಾನೆ ಎಂದುಕೊಳ್ಳಿ. ಅರ್ಧ ಜನಕ್ಕೆ ‘ಎ ತಂಡ ಗೆಲ್ಲುತ್ತೆ’, ಇನ್ನರ್ಧಕ್ಕೆ ‘ಬಿ ತಂಡ ಗೆಲ್ಲುತ್ತೆ’. ಪಂದ್ಯ ಮುಗಿದ ಮೇಲೆ ಸರಿಯಾದ ಉತ್ತರ ಸಿಕ್ಕ 3,200 ಜನರನ್ನಷ್ಟೇ ಉಳಿಸಿಕೊಂಡು ಮತ್ತೆ ಹೀಗೇ ಮಾಡುತ್ತಾನೆ. ಆಮೇಲೆ 1,600, 800, 400, 200. ಆರು ಪಂದ್ಯ ಮುಗಿಯುವಾಗ 100 ಜನ ಉಳಿಯುತ್ತಾರೆ. ಅವರ ಕಣ್ಣಿಗೆ ಈತ ಆರಕ್ಕೆ ಆರೂ ಸರಿ ಹೇಳಿದ ಮಹಾ ಜ್ಞಾನಿ! ಏಳನೇ ಪಂದ್ಯಕ್ಕೆ ಮುಂಚೆ ಫೀಸು ಕೇಳುತ್ತಾನೆ. ಅವನಿಗೆ ಆಟದ ಗಂಧಗಾಳಿ ಇಲ್ಲದಿದ್ದರೂ ಈ ಮೋಸ ನಡೆಯುತ್ತದೆ. ಇದೂ ಅದೇ 64ರಲ್ಲಿ ಒಂದರ ಲೆಕ್ಕ.

ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಇಂಥ ಲಿಂಕಿಗೆ ದುಡ್ಡು ಹಾಕಿ ಮೋಸ ಹೋಗಿದ್ದರೆ ನಾಚಿಕೆ ಪಡದೆ ಕೂಡಲೇ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಿ. ತಡಮಾಡಿದಷ್ಟೂ ಹಣ ಸಿಗುವುದು ಕಷ್ಟ.

ಫಾರ್ವರ್ಡ್ ಮಾಡುವ ಮುನ್ನ

ಎಷ್ಟು ತಂಡ ಮುಂದೆ ಹೋಗುತ್ತವೆ, ಎಷ್ಟು ಪಂದ್ಯ ಉಳಿದಿವೆ, ಅಂಕ ಸಮವಾದರೆ ಯಾವ ನಿಯಮ ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಆ ಸಂದೇಶದಲ್ಲಿ ಇಲ್ಲದಿದ್ದರೆ ಅಲ್ಲಿರುವ ಶೇಕಡಾವಾರು ಬರೀ ಅಲಂಕಾರ. ಶೇ 1 ಎಂದರೆ ಆಗುವುದೇ ಇಲ್ಲ ಎಂದಲ್ಲ; ನೂರರಲ್ಲಿ ತೊಂಬತ್ತೊಂಬತ್ತು ಸಲ ಆಗುವುದಿಲ್ಲ ಎಂದು. ಆಸೆ ಇಟ್ಟುಕೊಂಡು ಪಂದ್ಯ ನೋಡಲು ಆ ಒಂದು ಸಾಕು. ದುಡ್ಡು ಇಡಲು ಸಾಲದು.