ಮೇಧಾವಿ ಮಕ್ಕಳ ಶಾಲೆ: ಯಾರ ಮಕ್ಕಳಿಗಾಗಿ?

ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆಂದು ಒಂದು ವಿಜ್ಞಾನ-ಗಣಿತ ವಸತಿ ಶಾಲೆ ಬೇಕು. ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ವಿಶೇಷ ಚುರುಕು ತೋರುವ ಹದಿಹರೆಯದ ಹುಡುಗ ಹುಡುಗಿಯರನ್ನು ಹುಡುಕಿ ತಂದು, ಊಟ, ವಸತಿ, ಪುಸ್ತಕ, ಪ್ರಯೋಗಶಾಲೆ ಎಲ್ಲವನ್ನೂ ಸರ್ಕಾರವೇ ಒದಗಿಸಿ ಕಲಿಸುವ ಶಾಲೆ. ಈ ಮಾತು ಕೇಳಿದೊಡನೆ ನಮ್ಮ ಪಕ್ಷದ ಗೆಳೆಯರಲ್ಲಿ ಹಲವರು ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆವು. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಶಾಲೆ ಬೇಕೆಂದು ಬೀದಿಬೀದಿಯಲ್ಲಿ ಸಾರಿದವರು ನಾವು. ಈಗ ಆಯ್ದ ಕೆಲವರಿಗೆ ಬೇರೆ ಶಾಲೆ ಕೇಳುವುದು ಯಾವ ನ್ಯಾಯವೆಂದು ಅವರು ಕೇಳುವರು. ಪ್ರಶ್ನೆ ಸರಿಯಾದುದೇ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ.

ಮೊದಲು ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ವರದಿ ಒಪ್ಪಿಸಿದಾಗ ರಾಜ್ಯದಲ್ಲಿ ೧೭೫ ತಾಲ್ಲೂಕುಗಳಿದ್ದವು. ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವೆಂದು ಸಮಿತಿ ಗುರುತಿಸಿತು. ಆ ೩೯ರಲ್ಲಿ ೨೧ ತಾಲ್ಲೂಕುಗಳು ನಮ್ಮ ಕಲಬುರಗಿ ವಿಭಾಗದವೇ. ಅದೇ ಸಮಿತಿ ರಾಯಚೂರಿಗೆ ಐಐಟಿ ಬರಬೇಕೆಂದು ಶಿಫಾರಸು ಮಾಡಿತ್ತು. ಐಐಟಿ ೨೦೧೬ರಲ್ಲಿ ಧಾರವಾಡದಲ್ಲಿ ಪ್ರಾರಂಭವಾಯಿತು. ರಾಯಚೂರಿಗೆ ೨೦೧೯ರಲ್ಲಿ ಐಐಐಟಿ ಬಂತು. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ೩೭೧-ಜೆ ವಿಧಿಯೂ ಬಂತು. ವೃತ್ತಿ ಶಿಕ್ಷಣದಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ನಮ್ಮ ಮಕ್ಕಳಿಗೆ ಮೀಸಲು ದೊರೆಯಿತು. ಒಳ್ಳೆಯದೇ. ಆದರೆ ಮೇಲಿನ ಅಂತಸ್ತಿನ ಬಾಗಿಲು ತೆರೆದು ಕೆಳಗಿನ ಮೆಟ್ಟಿಲು ಕಟ್ಟದಿದ್ದರೆ ಹತ್ತುವವರು ಯಾರು? ೨೦೨೫ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಮಕ್ಕಳು ನೂರಕ್ಕೆ ೯೧ರಷ್ಟು ಪಾಸಾದರು. ಕಲಬುರಗಿಯ ಮಕ್ಕಳು ೪೨ರಷ್ಟು. ಹುಟ್ಟುವಾಗ ಬುದ್ಧಿಯನ್ನು ದೇವರು ಜಿಲ್ಲೆ ನೋಡಿ ಹಂಚಿದನೆಂದು ಯಾರಾದರೂ ಹೇಳಬಲ್ಲರೇ?

ನಮ್ಮ ಹಳ್ಳಿಗಳ ಚುರುಕು ಮಕ್ಕಳು ಎಲ್ಲಿ ಹೋಗುತ್ತಾರೆಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಸುಗ್ಗಿ ಮುಗಿದೊಡನೆ ತಂದೆ ತಾಯಿಯರು ಬೆಂಗಳೂರಿಗೋ ಹೈದರಾಬಾದಿಗೋ ಮುಂಬಯಿಗೋ ಗುಳೆ ಹೊರಡುತ್ತಾರೆ. ಮಗುವೂ ಗಂಟುಮೂಟೆಯ ಜೊತೆಗೆ ಹೋಗುತ್ತದೆ. ಹತ್ತಿಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಹೆಣ್ಣುಮಕ್ಕಳ ಸಣ್ಣ ಬೆರಳೇ ಬೇಕೆನ್ನುತ್ತಾರೆ. ಇದೆಲ್ಲವನ್ನೂ ದಾಟಿ ಹತ್ತನೆಯ ತರಗತಿ ಮುಗಿಸಿದ ಹುಡುಗನಿಗೆ ಪಿಯುಸಿ ವಿಜ್ಞಾನದ ಬಾಗಿಲಲ್ಲಿ ಇಂಗ್ಲಿಷಿನ ಗೋಡೆ ಎದುರಾಗುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಲೆಕ್ಕ ಮಾಡಿದವನು ಒಂದು ಬೇಸಿಗೆ ಕಳೆಯುವುದರೊಳಗೆ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಅರಿಯಬೇಕು. ಅರಿಯದಿದ್ದರೆ ದಡ್ಡನೆನಿಸಿಕೊಳ್ಳಬೇಕು. ಎಷ್ಟೋ ಜನ ಮೇಧಾವಿಗಳು ಈ ಗೋಡೆಯ ಬುಡದಲ್ಲಿಯೇ ಕುಳಿತುಬಿಟ್ಟಿದ್ದಾರೆ.

ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ೧೯೩೫ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾದರು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಈ ಕಥೆಯನ್ನು ಎಲ್ಲರೂ ಭಾಷಣಗಳಲ್ಲಿ ಹೇಳುತ್ತಾರೆ. ನಡೆದು ಬಂದವರ ಕಥೆ ಉಳಿಯಿತು; ನಡೆಯಲಾರದೆ ಊರಿನಲ್ಲಿಯೇ ಉಳಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಕಾಲ್ನಡಿಗೆಯ ಸಾಹಸವನ್ನು ಮೆಚ್ಚಬಹುದು. ಅದನ್ನೇ ಶಿಕ್ಷಣ ನೀತಿಯಾಗಿ ಮಾಡಿಕೊಳ್ಳಲಾಗದು.

ಇಂಥ ಶಾಲೆಗಳನ್ನು ಬೇರೆ ದೇಶಗಳು ಕಟ್ಟಿ ನೋಡಿವೆ. ರಷ್ಯದ ರಾಜ್ಯಾಡಳಿತವನ್ನು ನಾವು ಎಂದೂ ಹೊಗಳಿದವರಲ್ಲ. ಆದರೆ ಸೈಬೀರಿಯದ ನೊವೊಸಿಬಿರ್ಸ್ಕ್ ಬಳಿ ವಿಜ್ಞಾನಿಗಳು ಮಾಡಿದ ಕೆಲಸ ನಾವು ತಿಳಿಯತಕ್ಕದ್ದು. ಅಲ್ಲಿ ೧೯೬೨ರಲ್ಲಿ ಇಡೀ ಸೈಬೀರಿಯಕ್ಕೆ ಒಂದು ಗಣಿತ-ಭೌತಶಾಸ್ತ್ರ ಸ್ಪರ್ಧೆ ಏರ್ಪಟ್ಟಿತು. ಮೊದಲನೆಯ ಸುತ್ತು ಅಂಚೆಯ ಮೂಲಕ. ದೂರದ ಹಳ್ಳಿಯ ಹುಡುಗನೂ ಮನೆಯಲ್ಲಿ ಕುಳಿತು, ದಿನಗಟ್ಟಲೆ ಯೋಚಿಸಿ, ಉತ್ತರ ಬರೆದು ಕಳುಹಿಸಬಹುದಾಗಿತ್ತು. ಅದರಲ್ಲಿ ಗೆದ್ದವರಿಗೆ ಪ್ರಾಂತಗಳಲ್ಲಿ ಎರಡನೆಯ ಸುತ್ತು. ಅನಂತರ ವಿಜ್ಞಾನ ನಗರಿಯಲ್ಲಿ ಬೇಸಿಗೆ ಶಾಲೆ. ೧೯೬೩ರ ಜನವರಿಯಲ್ಲಿ ಅಲ್ಲಿ ವಸತಿ ಶಾಲೆ ತೆರೆಯಿತು. ಸುತ್ತಲಿನ ಸಂಶೋಧನ ಸಂಸ್ಥೆಗಳ ವಿಜ್ಞಾನಿಗಳೇ ಬಂದು ಪಾಠ ಹೇಳಿದರು. ಅದೇ ವರ್ಷದ ಕೊನೆಗೆ ಮಾಸ್ಕೋದಲ್ಲಿಯೂ ಇಂಥದೊಂದು ಶಾಲೆ ಆರಂಭವಾಯಿತು. ಅದು ಹೊರಗಿನ ಊರುಗಳ ಮಕ್ಕಳಿಗಾಗಿ. ಜಗತ್ಪ್ರಸಿದ್ಧ ಗಣಿತಜ್ಞ ಕೊಲ್ಮೊಗೊರೊವ್ ಅಲ್ಲಿ ತಾವೇ ಪಾಠ ಹೇಳಿದರು. ಗಣಿತವಷ್ಟೇ ಅಲ್ಲದೆ ಸಂಗೀತ ಸಾಹಿತ್ಯಗಳನ್ನೂ ಮಕ್ಕಳೊಡನೆ ಚರ್ಚಿಸಿದರು. ೧೯೬೪ರಲ್ಲಿ ಗೆಲ್ಫಾಂಡ್ ಎಂಬ ಮತ್ತೊಬ್ಬ ಗಣಿತಜ್ಞರು, ವಸತಿ ಶಾಲೆಗೆ ಬರಲಾಗದ ಮಕ್ಕಳಿಗಾಗಿ ಅಂಚೆ ಶಾಲೆಯನ್ನೇ ತೆರೆದರು.

ಬಂಡವಾಳಶಾಹಿ ಅಮೆರಿಕದಲ್ಲಿಯೂ ನಾರ್ತ್ ಕೆರೊಲಿನ ರಾಜ್ಯವು ೧೯೮೦ರಲ್ಲಿ ಡರಂ ನಗರದಲ್ಲಿ ಸರ್ಕಾರಿ ವಿಜ್ಞಾನ-ಗಣಿತ ವಸತಿ ಶಾಲೆ ತೆರೆಯಿತು. ಹೊಸ ಅರಮನೆ ಕಟ್ಟಲಿಲ್ಲ. ಮುಚ್ಚಿಹೋಗಿದ್ದ ಹಳೆಯ ಆಸ್ಪತ್ರೆಯ ಕಟ್ಟಡಗಳಲ್ಲಿಯೇ ಶಾಲೆ ನಡೆಸಿತು. ವಿದ್ಯಾಶುಲ್ಕವಿಲ್ಲ, ಊಟ ವಸತಿಗೆ ಹಣವಿಲ್ಲ. ರಾಜ್ಯದ ಎಲ್ಲ ಚುನಾವಣಾ ಕ್ಷೇತ್ರಗಳಿಗೂ ಸ್ಥಾನ ಸಿಗಬೇಕೆಂಬುದು ಅಲ್ಲಿಯ ಕಾನೂನು. ಸೈಬೀರಿಯದಿಂದ ಹುಡುಕುವ ಬಗೆಯನ್ನೂ ಕೆರೊಲಿನದಿಂದ ಹಂಚುವ ಬಗೆಯನ್ನೂ ನಾವು ಕಲಿಯಬಹುದು.

ನಮ್ಮ ದೇಶದ ಅನುಭವವೂ ಪಾಠ ಹೇಳುತ್ತದೆ. ೧೯೬೩ರಲ್ಲಿ ದೆಹಲಿಯಲ್ಲಿ ವಿಜ್ಞಾನ ಪ್ರತಿಭಾ ಶೋಧ ಪರೀಕ್ಷೆ ಹತ್ತು ವಿದ್ಯಾರ್ಥಿವೇತನಗಳೊಡನೆ ಹುಟ್ಟಿತು. ಮರುವರ್ಷ ೩೫೦ ವಿದ್ಯಾರ್ಥಿವೇತನಗಳೊಡನೆ ದೇಶಕ್ಕೆಲ್ಲ ಹಬ್ಬಿತು. ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ! ದೇಶದ ಪ್ರತಿಭೆಯನ್ನು ಶೋಧಿಸಹೊರಟವರು ಇಂಗ್ಲಿಷ್ ಬಲ್ಲ ಮನೆಗಳನ್ನಷ್ಟೇ ಶೋಧಿಸಿದರು. ದೇಶಭಾಷೆಗಳಲ್ಲಿ ಉತ್ತರ ಬರೆಯಲು ೧೯೭೬ರವರೆಗೆ ಕಾಯಬೇಕಾಯಿತು. ೨೦೨೧ರ ಬಳಿಕ ಆ ಪರೀಕ್ಷೆ ನಡೆದೇ ಇಲ್ಲ. ನವೋದಯ ವಿದ್ಯಾಲಯಗಳು ೧೯೮೬ರ ಶಿಕ್ಷಣ ನೀತಿಯ ಕೂಸು. ಅಲ್ಲಿ ಪ್ರತಿ ನೂರರಲ್ಲಿ ಕನಿಷ್ಠ ೭೫ ಸ್ಥಾನ ಗ್ರಾಮಾಂತರದ ಮಕ್ಕಳಿಗೆ, ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ, ಪ್ರವೇಶ ಪರೀಕ್ಷೆ ಮಾತೃಭಾಷೆಯಲ್ಲಿ. ಇದು ಹಳೆಯ ಪದ್ಧತಿಗಿಂತ ನೂರು ಪಾಲು ಮೇಲು. ಆದರೆ ಅಲ್ಲಿಯೂ ಒಂದೇ ದಿನದ ಪರೀಕ್ಷೆ. ಅದರ ಸುತ್ತ ಕೋಚಿಂಗ್ ಅಂಗಡಿಗಳು ಎದ್ದಿವೆ. ಹಣ ಕೊಟ್ಟು ಕಲಿತ ಚಾಲಾಕಿಗೂ ಹುಟ್ಟಿನಿಂದ ಬಂದ ಚುರುಕಿಗೂ ವ್ಯತ್ಯಾಸ ತಿಳಿಯುವ ಶಕ್ತಿ ಗೆರೆ ತುಂಬುವ ಉತ್ತರ ಪತ್ರಿಕೆಗೆ ಇಲ್ಲ. ಶ್ರೀನಿವಾಸ ರಾಮಾನುಜನ್ ಗಣಿತವೊಂದನ್ನುಳಿದು ಬೇರೆ ವಿಷಯಗಳಲ್ಲಿ ಸೋತು ಕುಂಭಕೋಣದ ಕಾಲೇಜಿನ ವಿದ್ಯಾರ್ಥಿವೇತನ ಕಳೆದುಕೊಂಡರು, ಎಫ್.ಎ. ಪರೀಕ್ಷೆ ಪಾಸಾಗಲೇ ಇಲ್ಲ. ಒಟ್ಟು ಅಂಕ ಕೂಡಿಸಿ ಆರಿಸುವ ಯಾವ ಶಾಲೆಯೂ ಅವರನ್ನು ಇಂದಿಗೂ ಹೊರಗೇ ನಿಲ್ಲಿಸೀತು.

ಆದ್ದರಿಂದ ನಮ್ಮ ಯೋಜನೆ ಹೀಗಿದೆ.

ಶಾಲೆ ಒಂಬತ್ತನೆಯ ತರಗತಿಯಿಂದ ಎರಡನೆಯ ಪಿಯುಸಿಯವರೆಗೆ ನಾಲ್ಕು ವರ್ಷದ್ದಾಗಲಿ. ವರ್ಷಕ್ಕೆ ೬೦ ಮಕ್ಕಳಂತೆ ಒಟ್ಟು ೨೪೦. ಅವರಲ್ಲಿ ಅರ್ಧ ಹೆಣ್ಣುಮಕ್ಕಳು. ಮೂರನೆಯ ಒಂದು ಪಾಲಿಗೆ ತೃಪ್ತರಾಗಬೇಕಾದ ಕಾರಣವಿಲ್ಲ. ಮೊದಲ ಎರಡು ವರ್ಷ ಪಾಠ ಕನ್ನಡದಲ್ಲಿಯೇ ನಡೆಯಲಿ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಲಿ. ಪಿಯುಸಿಗೆ ಬರುವ ಹೊತ್ತಿಗೆ ಆ ಗೋಡೆ ಹೊಸ್ತಿಲಾಗಿ ಉಳಿಯಲಿ.

ಆಯ್ಕೆಯ ಪ್ರಶ್ನೆಗಳನ್ನು ಪ್ರತಿ ಸರ್ಕಾರಿ ಶಾಲೆಗೂ ಕಳುಹಿಸಿ, ಗ್ರಾಮ ಪಂಚಾಯಿತಿಯ ಗೋಡೆಗೂ ಅಂಟಿಸಬೇಕು. ಉತ್ತರಕ್ಕೆ ಒಂದು ತಿಂಗಳ ಸಮಯವಿರಲಿ. ಕನ್ನಡ, ಉರ್ದು, ಮರಾಠಿ, ತೆಲುಗು ಯಾವ ಭಾಷೆಯಲ್ಲಿಯಾದರೂ ಬರೆಯಲಿ. ಬೀದರಿನಿಂದ ಬಳ್ಳಾರಿಯವರೆಗೆ ನಮ್ಮ ಮಕ್ಕಳು ಈ ಎಲ್ಲ ಭಾಷೆಗಳನ್ನೂ ಆಡುತ್ತಾರೆ. ಈ ಕೆಲಸ ದೀಪಾವಳಿಯೊಳಗೆ ಮುಗಿಯಬೇಕು. ಗುಳೆ ಹೊರಟ ಮೇಲೆ ಪ್ರಶ್ನೆ ಬಂದರೆ ಓದುವವರು ಯಾರು? ಮನೆಯಲ್ಲಿ ಯಾರೋ ಬರೆದುಕೊಟ್ಟರೇನು ಗತಿ ಎಂಬ ಅನುಮಾನ ಬೇಡ. ಚೆನ್ನಾಗಿ ಬರೆದವರನ್ನು ತಾಲ್ಲೂಕು ಕೇಂದ್ರದಲ್ಲಿ ಎದುರು ಕೂರಿಸಿ ಮಾತನಾಡಿಸಬೇಕು; ಅವರಲ್ಲಿ ಆರಿಸಿದವರನ್ನು ಬೇಸಿಗೆಯಲ್ಲಿ ಮೂರು ವಾರ ಒಂದೆಡೆ ಇರಿಸಿ ಕಲಿಸಿ ನೋಡಬೇಕು. ಕಂಠಪಾಠ ಮಾಡಿದವನು ಯಾರು, ತಾನೇ ಯೋಚಿಸುವವಳು ಯಾರು ಎಂಬುದು ಮೂರು ವಾರದಲ್ಲಿ ಒಳ್ಳೆಯ ಮೇಷ್ಟರಿಗೆ ತಿಳಿಯದಿರದು. ಬಿಡಾರಕ್ಕೆ ಬಂದ ಮಗುವಿನ ಮನೆಗೆ ಆ ದಿನಗಳ ಕೂಲಿಯನ್ನೂ ಸರ್ಕಾರ ತುಂಬಿಕೊಡಲಿ. ಪ್ರತಿ ತಾಲ್ಲೂಕಿಗೂ ಸ್ಥಾನ ನಿಗದಿಯಾಗಿರಲಿ. ಸಂವಿಧಾನದ ಮೀಸಲಾತಿ ಕೂದಲೆಳೆಯಷ್ಟೂ ತಪ್ಪದಿರಲಿ.

ಶಾಲೆ ಎಲ್ಲಿರಬೇಕು? ಈ ಪ್ರಶ್ನೆಗೆ ಜಿಲ್ಲೆ ಜಿಲ್ಲೆಗಳು ಕಚ್ಚಾಡುವುದನ್ನು ನಾವು ಒಪ್ಪೆವು. ಯಾವ ಮುಖಂಡನ ಹೊಲ ಮಾರಾಟಕ್ಕಿದೆ ಎಂಬುದನ್ನು ನೋಡಿ ಸ್ಥಳ ಗೊತ್ತುಮಾಡಬಾರದು. ವಿಜ್ಞಾನ ಬಲ್ಲವರು ಸೈಕಲ್ಲಿನಲ್ಲಿ ಬಂದು ಪಾಠ ಹೇಳಬಲ್ಲಷ್ಟು ಹತ್ತಿರದಲ್ಲಿ ವಿಶ್ವವಿದ್ಯಾಲಯವೋ ಸಂಶೋಧನ ಕೇಂದ್ರವೋ ಇರಬೇಕು. ಕಲಬುರಗಿಯಲ್ಲಿ ೧೯೮೦ರಿಂದ ವಿಶ್ವವಿದ್ಯಾಲಯವಿದೆ; ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಐಐಐಟಿಯೂ ಇವೆ. ಇರುವ ಸರ್ಕಾರಿ ಕಟ್ಟಡದಲ್ಲಿ ಮೊದಲ ತರಗತಿ ನಡೆಯಲಿ. ಗುತ್ತಿಗೆದಾರನ ಬಿಲ್ಲು ಪಾಸಾಗುವ ಮುಂಚೆ ಮಕ್ಕಳು ಪಾಸಾಗಲಿ.

ಮೇಷ್ಟರ ವಿಷಯದಲ್ಲಿ ಒಂದು ಕಟ್ಟುಪಾಡು ಬೇಕು. ಹಳ್ಳಿಯ ಹೈಸ್ಕೂಲಿನಿಂದ ಒಬ್ಬ ಒಳ್ಳೆಯ ಗಣಿತ ಶಿಕ್ಷಕರನ್ನು ಇಲ್ಲಿಗೆ ಕರೆದರೆ, ಅವರ ಜಾಗ ತುಂಬಿದ ಮೇಲೆಯೇ ಕರೆಯಬೇಕು. ಅರವತ್ತು ಮಕ್ಕಳ ಬುದ್ಧಿ ಬೆಳಗಿಸಲು ಆರುನೂರು ಮಕ್ಕಳ ದೀಪ ಆರಿಸುವುದು ಸಮಾಜವಾದವಲ್ಲ, ಸಾಮಾನ್ಯ ವಿವೇಕವೂ ಅಲ್ಲ.

ಇನ್ನು ಗೆಳೆಯರ ಮೂಲ ಪ್ರಶ್ನೆಗೆ ಬರೋಣ. ೧೯೬೬ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗವು ಸಮಾನ ಶಾಲಾ ಪದ್ಧತಿಯನ್ನು ಶಿಫಾರಸು ಮಾಡಿತು. ಅದರ ಅಧ್ಯಕ್ಷರಾದ ಡಿ. ಎಸ್. ಕೊಠಾರಿಯವರು ಸ್ವತಃ ಭೌತವಿಜ್ಞಾನಿ. ಆ ಪದ್ಧತಿ ಇಂದಿಗೂ ಜಾರಿಗೆ ಬಂದಿಲ್ಲ. ಬರಬೇಕೆಂಬ ನಮ್ಮ ಬೇಡಿಕೆಯಲ್ಲಿ ಒಂದಕ್ಷರವನ್ನೂ ನಾವು ಬಿಟ್ಟುಕೊಟ್ಟಿಲ್ಲ. ಆದರೆ ಅದು ಬರುವವರೆಗೆ ಮೇಧಾವಿ ಮಕ್ಕಳಿಗೆ ಬೇರೆ ಶಾಲೆಯೇ ಇಲ್ಲವೆಂದು ತಿಳಿಯಬೇಡಿ. ಇದೆ. ಹಣವಂತರ ಮಕ್ಕಳಿಗೆ ಲಕ್ಷಗಟ್ಟಲೆ ಶುಲ್ಕದ ವಸತಿ ಕಾಲೇಜುಗಳಿವೆ. ಬಡವರ ಮಕ್ಕಳಿಗೆ ಮಾತ್ರ ಸಿದ್ಧಾಂತದ ಹೆಸರಿನಲ್ಲಿ ಕಾಯಿರಿ ಎಂದರೆ, ಆ ಕಾಯುವಿಕೆಯಲ್ಲಿ ಅವರ ಹದಿನಾಲ್ಕನೆಯ ವಯಸ್ಸು ಕಳೆದುಹೋಗುತ್ತದೆ. ಆ ವಯಸ್ಸು ಮತ್ತೆ ಬಾರದು.

ಹಾಗೆಂದು ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ೨೦೧೧ರ ಜನಗಣತಿಯ ಪ್ರಕಾರ ಈ ವಿಭಾಗದ ಜನಸಂಖ್ಯೆ ೧ ಕೋಟಿ ೧೨ ಲಕ್ಷ. ಇಷ್ಟು ಜನರ ನಡುವೆ ೨೪೦ ಮಕ್ಕಳ ಒಂದು ಶಾಲೆ ಅಲಂಕಾರದ ಬೊಂಬೆಯಾಗಿ ನಿಲ್ಲಬಹುದು. ಮಂತ್ರಿಗಳು ವರ್ಷಕ್ಕೊಮ್ಮೆ ಬಂದು ಫೋಟೋ ತೆಗೆಸಿಕೊಂಡು ಹೋಗಬಹುದು. ಅದನ್ನು ತಡೆಯಲು ಶಾಲೆಗೆ ಎರಡನೆಯ ಅರ್ಧ ಬೇಕು. ಆಯ್ಕೆಯಾಗದೆ ಉಳಿದ ಸಾವಿರಾರು ಮಕ್ಕಳಿಗೆ ಪ್ರತಿ ತಿಂಗಳೂ ಅಂಚೆಯಲ್ಲಿ ಲೆಕ್ಕಗಳು ಹೋಗಬೇಕು. ಅವರ ಉತ್ತರಗಳನ್ನು ಈ ಶಾಲೆಯ ಹಿರಿಯ ವಿದ್ಯಾರ್ಥಿಗಳೇ ತಿದ್ದಿ ಹಿಂದಿರುಗಿಸಬೇಕು. ಎಲ್ಲರ ಕೈಗೂ ಮೊಬೈಲು ಬಂದಿದೆಯೆಂಬ ಮಾತನ್ನು ನಂಬಿ ಅಂಚೆಯಣ್ಣನನ್ನು ಮರೆಯಬಾರದು. ರಜೆಯಲ್ಲಿ ಹಳ್ಳಿಯ ಮೇಷ್ಟರಿಗೆ ಇಲ್ಲಿಯೇ ತರಬೇತಿ ನಡೆಯಬೇಕು. ಪ್ರಯೋಗಶಾಲೆಯ ಬೀಗ ಅವರಿಗೂ ತೆರೆಯಬೇಕು.

ಕೊನೆಯದಾಗಿ ಒಂದು ಷರತ್ತು. ಶಾಲೆಗೆ ಯಾರ ಮಕ್ಕಳು ಬಂದರು, ತಂದೆ ತಾಯಿಯರ ಕಸುಬೇನು, ಮೊದಲು ಓದಿದ್ದು ಯಾವ ಶಾಲೆ ಎಂಬ ಲೆಕ್ಕವನ್ನು, ಮಕ್ಕಳ ಹೆಸರು ಬಿಟ್ಟು, ಪ್ರತಿ ವರ್ಷ ಬಹಿರಂಗವಾಗಿ ಪ್ರಕಟಿಸಬೇಕು. ಐದು ವರ್ಷದ ಕೊನೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶಹರಿನ ಖಾಸಗಿ ಇಂಗ್ಲಿಷ್ ಶಾಲೆಗಳಿಂದ ಬಂದವರೆಂದು ಕಂಡರೆ, ಈ ಶಾಲೆಯನ್ನು ಮುಚ್ಚಬೇಕೆಂದು ಇದೇ ಪುಟದಲ್ಲಿ ಮೊದಲು ಬರೆಯುವವರು ನಾವೇ. ಇದನ್ನು ಬೆದರಿಕೆಯೆಂದು ತಿಳಿಯಬೇಕಾಗಿಲ್ಲ. ನಮ್ಮ ಗೆಳೆಯರಿಗೆ ನಾವು ಕೊಡುವ ಮಾತು.

ಓದುಗರು ತಮ್ಮ ಗ್ರಾಮಸಭೆಯಲ್ಲಿ ಈ ವಿಷಯವೆತ್ತಿ ಠರಾವು ಮಾಡಿಸಲಿ. ತಮ್ಮೂರ ಶಾಲೆಯಲ್ಲಿ ಮೇಷ್ಟರಿಗಿಂತ ಮುಂಚೆ ಲೆಕ್ಕ ಬಿಡಿಸುವ ಹುಡುಗಿ ಯಾರೆಂದು ಹೋಗಿ ವಿಚಾರಿಸಲಿ. ಇಂದು ಆಕೆ ಶಾಲೆಯಲ್ಲಿದ್ದಾಳೆಯೋ ಹತ್ತಿ ಹೊಲದಲ್ಲಿದ್ದಾಳೆಯೋ ನೋಡಲಿ. ಅನಂತರ ಈ ಶಾಲೆ ಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ.