ಖಾಸಗಿ ನೌಕರರಿಗೂ ಮೂರು ತಿಂಗಳ ಪಿತೃತ್ವ ರಜೆ ಕಡ್ಡಾಯವೇ? ಕಾನೂನಿನಲ್ಲಿ ಇರುವುದೇನು?

‘ಇನ್ನು ಎಲ್ಲ ಅಪ್ಪಂದಿರಿಗೂ ಮೂರು ತಿಂಗಳು ಸಂಬಳ ಸಹಿತ ರಜೆ’ ಎನ್ನುವಂಥ ಸಂದೇಶ ವಾಟ್ಸಾಪ್‌ನಲ್ಲಿ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ನಿಲ್ಲಿ. ಭಾರತದಲ್ಲಿ ಅಂಥ ಕಾನೂನು ಇಲ್ಲ. ಇದನ್ನು ನಂಬಿ ಕೆಲಸಕ್ಕೆ ಹೋಗದೆ ಉಳಿದರೆ, ಆಸ್ಪತ್ರೆ ಬಿಲ್ ಕಟ್ಟಬೇಕಾದ ತಿಂಗಳಲ್ಲೇ ಸಂಬಳವೂ ಕಡಿತವಾಗಬಹುದು.

ಹಾಗಂತ ಮೂರು ತಿಂಗಳ ಮಾತು ಪೂರ್ತಿ ಕಟ್ಟುಕತೆಯೂ ಅಲ್ಲ. 2017ರಲ್ಲಿ ಸಂಸದ ರಾಜೀವ್ ಸಾತವ್ ಪಿತೃತ್ವ ಸೌಲಭ್ಯದ ಮಸೂದೆಯೊಂದನ್ನು ಮುಂದಿಟ್ಟಿದ್ದರು. 15 ದಿನಗಳ ರಜೆಯನ್ನು ಮೂರು ತಿಂಗಳವರೆಗೆ ವಿಸ್ತರಿಸುವ ಅವಕಾಶ ಅದರಲ್ಲಿತ್ತು. ಆದರೆ ಅದು ಖಾಸಗಿ ಸದಸ್ಯರ ಮಸೂದೆ, ಅಂದರೆ ಸಚಿವರಲ್ಲದ ಸಂಸದರು ಮಂಡಿಸುವಂಥದ್ದು. ಇಂಥ ಮಸೂದೆಯೊಂದು ಸಂಸತ್ತಿನಲ್ಲಿ ಅಂಗೀಕಾರವಾದದ್ದು ಕೊನೆಯ ಸಲ 1970ರಲ್ಲಿ! ಇದೂ ಕಾನೂನಾಗಲಿಲ್ಲ. ಅದೇ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು ತಾಯಂದಿರ ರಜೆ 26 ವಾರಕ್ಕೆ ಏರಿತು. ಅಪ್ಪಂದಿರಿಗೆ ಅದರಲ್ಲಿ ಒಂದು ದಿನವೂ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಲ್ಲ.

ಹಾಗಾದರೆ ಹಕ್ಕು ಇರುವುದು ಯಾರಿಗೆ? ಸರ್ಕಾರಿ ನೌಕರರಿಗೆ. ಕೇಂದ್ರ ಸರ್ಕಾರದ ರಜೆ ನಿಯಮಗಳ ಪ್ರಕಾರ, ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಪುರುಷ ನೌಕರನಿಗೆ 15 ದಿನ ಪಿತೃತ್ವ ರಜೆ ಸಿಗುತ್ತದೆ. ರಜೆಗೆ ಹೋಗುವ ಮುನ್ನ ಪಡೆಯುತ್ತಿದ್ದ ವೇತನವೇ ರಜೆಯಲ್ಲೂ ಬರುತ್ತದೆ, ಖಾತೆಯಲ್ಲಿರುವ ಗಳಿಕೆ ರಜೆಯಿಂದ ಇದನ್ನು ಕಳೆಯುವುದಿಲ್ಲ. ಒಂದು ವರ್ಷದೊಳಗಿನ ಮಗುವನ್ನು ದತ್ತು ಪಡೆದವರಿಗೂ ಇಷ್ಟೇ ರಜೆ ಉಂಟು. ಕರ್ನಾಟಕ ಸರ್ಕಾರದ ನೌಕರರಿಗೂ 15 ದಿನ ಇದೆ.

ಕೇಂದ್ರದ ನಿಯಮದಲ್ಲಿ ಅನೇಕರು ಗಮನಿಸದ ಒಂದು ಅಂಶವಿದೆ. ಈ ರಜೆಯನ್ನು ಹೆರಿಗೆಗೆ 15 ದಿನ ಮೊದಲಿನಿಂದ ಹಿಡಿದು, ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳಬಹುದು. ನಮ್ಮಲ್ಲಿ ಮೊದಲ ಬಾಣಂತನ ತವರಿನಲ್ಲೇ ಆಗುವುದು ಹೆಚ್ಚು. ಆಗ ಅಜ್ಜಿಯ ನೆರವು ಇರುತ್ತದೆ. ನಿಜವಾಗಿ ಕೈಗಳು ಸಾಲದಾಗುವುದು ತಾಯಿ ಮಗು ಮನೆಗೆ ಮರಳಿದ ಮೇಲೆ. ಅಲ್ಲಿಯವರೆಗೆ ರಜೆಯನ್ನು ಉಳಿಸಿಕೊಳ್ಳಬಹುದು. ಆದರೆ ಆರು ತಿಂಗಳು ದಾಟಿತೋ, ರಜೆ ರದ್ದಾದಂತೆಯೇ.

ಖಾಸಗಿ ಕಂಪನಿಗಳಲ್ಲಿ ಎಲ್ಲವೂ ಆಯಾ ಸಂಸ್ಥೆಯ ನೀತಿಯ ಮೇಲೆ ನಿಂತಿದೆ. ಕೆಲವು ಕಡೆ ಎರಡು ದಿನ, ಕೆಲವು ಕಡೆ ವಾರಗಟ್ಟಲೆ, ಬಹಳಷ್ಟು ಕಡೆ ಏನೂ ಇಲ್ಲ. ಸಂಬಳದ ಹೊರೆ ಪೂರ್ತಿ ಮಾಲೀಕನದೇ. ಇಎಸ್‌ಐನ ಹೆರಿಗೆ ಭತ್ಯೆ ವಿಮೆ ಹೊಂದಿದ ಮಹಿಳೆಗೆ ಸಿಗುತ್ತದೆಯೇ ಹೊರತು ಅಪ್ಪನ ರಜೆಗಲ್ಲ. ಸಣ್ಣ ಉದ್ಯಮಗಳು ಹಿಂಜರಿಯಲು ಇದೂ ಒಂದು ಕಾರಣವಾಗಿರಬಹುದು. ಗಾರ್ಮೆಂಟ್ಸ್ ಕಾರ್ಮಿಕ, ಡೆಲಿವರಿ ಹುಡುಗ ಇಂಥವರಿಗಂತೂ ಮಗು ಹುಟ್ಟಿದ ದಿನದ ರಜೆಯೆಂದರೆ ಆ ದಿನದ ಕೂಲಿ ಹೋದಂತೆ.

ಅಪವಾದವೂ ಇದೆ. ಸಂಬಳ ಕಡಿತಗೊಂಡ ಖಾಸಗಿ ಶಾಲೆಯ ಶಿಕ್ಷಕರೊಬ್ಬರಿಗೆ ದೆಹಲಿ ಹೈಕೋರ್ಟ್ 2009ರಲ್ಲಿ ಪಿತೃತ್ವ ರಜೆಯ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಅಲ್ಲಿನ ಶಾಲಾ ಕಾನೂನು ಖಾಸಗಿ ಶಿಕ್ಷಕರಿಗೂ ಸರ್ಕಾರಿ ಶಿಕ್ಷಕರಷ್ಟೇ ಸೌಲಭ್ಯ ಕೊಡಬೇಕೆನ್ನುತ್ತದೆ. ಎಲ್ಲ ಖಾಸಗಿ ನೌಕರರಿಗೂ ಆ ತೀರ್ಪು ಅನ್ವಯಿಸುವುದಿಲ್ಲ.

ಖಾಸಗಿ ಕೆಲಸದಲ್ಲಿರುವವರು ಮೊದಲು ನೋಡಬೇಕಾದದ್ದು ನೇಮಕಾತಿ ಪತ್ರ ಮತ್ತು ಕಂಪನಿಯ ರಜೆ ನೀತಿ. ಎಷ್ಟು ದಿನ, ಪೂರ್ಣ ವೇತನವೇ, ಎಷ್ಟು ತಿಂಗಳೊಳಗೆ ತೆಗೆದುಕೊಳ್ಳಬೇಕು ಎಂಬುದನ್ನು ಎಚ್‌ಆರ್‌ಗೆ ಇಮೇಲ್ ಮಾಡಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ನೀತಿಯಲ್ಲಿ ಏನೂ ಇಲ್ಲದಿದ್ದರೆ ಗಳಿಕೆ ರಜೆಯನ್ನು ಹೆರಿಗೆಯ ದಿನಾಂಕಕ್ಕೆ ಹೊಂದಿಸಿ ಈಗಿನಿಂದಲೇ ಕೂಡಿಡಿ.